ಕಾಶವ್ವನ ಸೋರೆಬುರುಡೆ

ಹೊಳೆಯ ನಟ್ಟನಡುವೆ ಒಂದು ಬಂಡೆ. ಬಂಡೆಯ ಮೇಲೆ ಗೇಣುದ್ದದ ಶಿವಲಿಂಗ. ಸುತ್ತ ಚೂಪುಗಲ್ಲುಗಳಿದ್ದುದರಿಂದ ಅಲ್ಲಿಗೆ ದೋಣಿ ಹೋಗದು. ಸ್ವಾಮಿಯನ್ನು ಮುಟ್ಟಬೇಕೆಂದರೆ ಈಜಬೇಕು.

ದಂಡೆಯ ಮಠದ ಅಡವಯ್ಯಜ್ಜನವರು ದಿನಾ ಮುಂಜಾನೆ ರುಮಾಲಿನಲ್ಲಿ ನಾಲ್ಕು ಬಿಲ್ವಪತ್ರೆ ಸಿಕ್ಕಿಸಿಕೊಂಡು ಈಜಿ ಹೋಗುತ್ತಿದ್ದರು. ಬೊಗಸೆ ನೀರೆರೆದು, ಪತ್ರೆ ಇಟ್ಟು, ತಿರುಗಿ ಬರುತ್ತಿದ್ದರು.

ಅವರ ಶಿಷ್ಯ ದುಂಡಪ್ಪ, ಐವತ್ತೆರಡು ವರ್ಷದ ನೇಕಾರ. ಮಗ್ಗ ಬಿಟ್ಟು ಮಠಕ್ಕೆ ಬಂದವನು ಕೇಳಿದ್ದು ಒಂದೇ.

"ಮೋಕ್ಷ-ಗೀಕ್ಷ ಬ್ಯಾಡ್ರಿ ಅಜ್ಜಾರ. ಆ ಲಿಂಗದ ಮ್ಯಾಲ ನನ್ನ ಕೈಯಾರೆ ಒಮ್ಮೆ ನೀರು ಹಾಕಬೇಕು. ಈಜು ಕಲಸ್ರಿ."

ಯಾಕೆಂದು ಅಜ್ಜನವರು ಕೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ದುಂಡಪ್ಪನ ಒಬ್ಬಳೇ ಮಗಳು, ಒಂಬತ್ತು ವರ್ಷದ ಕಾಶವ್ವ, ಇದೇ ಹೊಳೆಗೆ ಇಳಿದವಳು ಮೇಲೆ ಬಂದಿರಲಿಲ್ಲ. ಮೂರು ದಿನ ಹುಡುಕಿದ್ದರು. ಮಣ್ಣು ಕೊಡುವುದಕ್ಕೂ ಏನೂ ಸಿಕ್ಕಿರಲಿಲ್ಲ.

ಮೊದಲು ಮಠದ ಹೊಂಡದಲ್ಲಿ ಕಲಿಕೆ ಶುರುವಾಯಿತು. ಅಜ್ಜನವರು ಅವನ ಹೊಟ್ಟೆಯ ಕೆಳಗೆ ಅಂಗೈ ಹಿಡಿದರು.

"ಎಮ್ಮಿ ನೋಡೀಯಿಲ್ಲೋ? ಅದಕ್ಕ ಯಾರು ಕಲಿಸ್ಯಾರ? ಸುಮ್ಮನ ಬಿದ್ದಿರತೈತಿ, ತೇಲತೈತಿ."

"ಎಮ್ಮಿಗೆ ಚಿಂತಿ ಇಲ್ರಿ ಅಜ್ಜಾರ."

"ಹಂಗಾರ ನಾಳಿಂದ ಎಮ್ಮೀನ ಗುರು ಮಾಡ್ಕೋ. ನನ್ನ ಕೈ ಸೋತಾವು."

ನಗಲು ಹೋದ ದುಂಡಪ್ಪ ಮುಖವನ್ನು ನೀರಿಗೆ ತಗ್ಗಿಸಿದ. ಹೊಟ್ಟೆಯ ಕೆಳಗಿನ ಆ ಅಂಗೈ ಅವನಿಗೆ ಒಂದು ದನಿಯನ್ನು ನೆನಪಿಸಿತ್ತು. ಕಾಶವ್ವ ಎದೆಮಟ್ಟದ ನೀರಲ್ಲಿ ನಿಂತು, ದಂಡೆಯಲ್ಲಿ ಕೂತ ಅಪ್ಪನನ್ನು ಕರೆಯುತ್ತಿದ್ದಳು. "ಅಂಜಬ್ಯಾಡ ಬಾ ಯಪ್ಪಾ, ನಾ ಕೆಳಗ ಕೈ ಹಿಡೀತೀನಿ!"

ಅವನು ಒಮ್ಮೆಯೂ ಇಳಿದಿರಲಿಲ್ಲ.

ಎರಡು ತಿಂಗಳಲ್ಲಿ ಹೊಂಡದ ಈ ದಡದಿಂದ ಆ ದಡಕ್ಕೆ ಈಜು ಬಂತು. ಅಜ್ಜನವರು ಹೊಳೆಗೆ ಕರೆದೊಯ್ದರು.

ಎದೆಮಟ್ಟ ನೀರು ದಾಟುತ್ತಲೇ ಕಲಿತದ್ದೆಲ್ಲ ಬಿಟ್ಟುಹೋಯಿತು. ಕಾಲು ತಾವಾಗಿಯೇ ಮಡಚಿಕೊಂಡು ಮಂಡಿ ಎದೆಗೆ ಬಂತು. ಮುದ್ದೆಯಾಗಿ ಮುಳುಗಿದ. ಅಜ್ಜನವರು ಜುಟ್ಟು ಹಿಡಿದು ಎಳೆದು ತಂದರು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ಮೂರನೆಯ ಸಲ ದಂಡೆಯ ಮರಳಲ್ಲಿ ಕೂರಿಸಿಕೊಂಡು ಕೇಳಿದರು.

"ನೀರಿಗೆ ಅಂಜಿದಾವ ಕಾಲಿಲೆ ನೆಲ ಹುಡುಕತಾನ. ನೀ ನೋಡಿದರ ಕಾಲು ಮ್ಯಾಲಕ್ಕ ಎಳಕೋತಿ. ಕೆಳಗ ಏನೈತೋ ದುಂಡಪ್ಪಾ?"

ದುಂಡಪ್ಪ ಕಾಲಿಗೆ ಹತ್ತಿದ ಮರಳು ಒರೆಸಿಕೊಂಡ.

"ಕಾಲಿಗೆ ಆಕಿ ತಾಗಿದರ ಹೆಂಗ್ರಿ?"

ಅಜ್ಜನವರು ಹೊಳೆಯ ಕಡೆ ನೋಡಿ ಕೈ ಮುಗಿದರು.

"ತಾಗಬಾರದು ಅಂತ ಅಂಜಿಕಿ?"

"ಹೂಂರಿ." ದುಂಡಪ್ಪನ ದನಿ ಇಳಿಯಿತು. "ಒಮ್ಮೆರೆ ತಾಗಲಿ ಅಂತಲೂ ಐತ್ರಿ."

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

"ಕೂಸು ನೀರಿಗೆ ಹೆಂಗ ಇಳೀತಿತ್ತು?" ಅಜ್ಜನವರು ಕೇಳಿದರು.

"ತೇಲಾಕ ಸೋರೆಬುರುಡಿ ಬೆನ್ನಿಗೆ ಕಟಗೊಂಡು."

"ಆವತ್ತು?"

"ಹುರಿ ಹರದಿತ್ರಿ. ಮುಂಜಾನೆ ಮಗ್ಗದ ಹತ್ತಿರ ತಂದು, ಯಪ್ಪಾ ಕಟ್ಟಿಕೊಡು ಅಂದ್ಲು. ಸೀರಿ ಮುಗೀಲಿ, ನಾಳಿ ಕಟ್ಟತೀನಿ ಅಂದೆ." ಅವನು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. "ದಿನಾ ನೂರು ಎಳಿಗೆ ಗಂಟು ಹಾಕೋ ಕೈರಿ ಇವು."

"ಬುರುಡಿ ಈಗ ಎಲ್ಲೈತಿ?"

"ಮನಿಯಾಗ, ಒಲಿ ಮ್ಯಾಲಿನ ಜಂತಿಗೆ ನೇತಾಕೇನ್ರಿ."

"ತಗೊಂಡು ಬಾ."

ಮರುದಿನ ತಂದ. ಒಣ ಸೋರೆಬುರುಡೆ ಹನ್ನೊಂದು ವರ್ಷದ ಹೊಗೆಗೆ ಕಪ್ಪಾಗಿತ್ತು. ಹರಿದ ಹುರಿಯ ಎರಡು ತುದಿ ಜೋತುಬಿದ್ದಿದ್ದವು.

"ಕಟ್ಟು," ಅಂದರು ಅಜ್ಜನವರು.

"ಈಗ್ಯಾಕ್ರಿ ಅಜ್ಜಾರ? ಇನ್ನ ಯಾರಿಗೆ?"

"ಕೂಸು ಕೇಳೇತಿ. ಕಟ್ಟು."

ಸೀರೆಗಟ್ಟಲೆ ಎಳೆ ಕೂಡಿಸಿದ ಆ ಬೆರಳುಗಳಿಗೆ ಅದೊಂದು ಗಂಟು ಹಾಕಲು ಬಿಸಿಲೇರುವತನಕ ಹಿಡಿಯಿತು. ಅಜ್ಜನವರು ಅವಸರ ಮಾಡಲಿಲ್ಲ. ಶಿವನಾಮ ಹೇಳುತ್ತ ಪಕ್ಕದಲ್ಲೇ ಕೂತಿದ್ದರು.

ಗಂಟು ಬಿತ್ತು. ಆದರೆ ಹುರಿ ಒಂಬತ್ತು ವರ್ಷದ ಮೈಯಳತೆಯದು, ದುಂಡಪ್ಪನ ಎದೆ ಸುತ್ತಲಿಲ್ಲ. ಅಜ್ಜನವರು ತಮ್ಮ ಹೆಗಲ ಮೇಲಿನ ಕಾವಿಯ ಅಂಚು ಹರಿದು ಹುರಿಗೆ ಕೂಡಿಸಿದರು. ಬುರುಡೆಯನ್ನು ಅವನ ಬೆನ್ನಿಗೆ ಬಿಗಿದರು.

"ಇದು ಕೂಸಿನ ಬುರುಡಿ ಅಜ್ಜಾರ. ನನ್ನ ಭಾರ ಹೊರೂದಿಲ್ಲ."

"ಗೊತ್ತೈತಿ. ನಡಿ."

ಅಜ್ಜನವರು ಮುಂದೆ ಈಜಿದರು. ದುಂಡಪ್ಪ ಹಿಂದೆ ಹೊರಟ. ಎದೆಮಟ್ಟ ದಾಟಿತು. ಕಾಲು ಮಡಚಿಕೊಂಡವು. ಮೂಗಿನತನಕ ನೀರು ಬಂತು. ಅಜ್ಜನವರು ಹಿಂದೆ ತಿರುಗಿ ನೋಡಲಿಲ್ಲ.

"ಕಾಶೀ," ಅಂದ ದುಂಡಪ್ಪ. ಅಂದು, ಕಾಲು ಚಾಚಿದ.

ಮೇಲಿನ ನೀರು ಬೆಚ್ಚಗಿತ್ತು, ಅದರ ಕೆಳಗಿನದು ತಣ್ಣಗೆ, ಅದಕ್ಕೂ ಕೆಳಗಿನದು ಇನ್ನೂ ತಣ್ಣಗೆ. ಹೆಬ್ಬೆರಳು ಚಾಚಿ ಕಾದ. ನೀರು ಸರಿದುಹೋಯಿತು, ಅಷ್ಟೇ. ಚಾಚಿದ ಕಾಲು ಮೆಲ್ಲಗೆ ತಾವೇ ಮೇಲೆದ್ದವು. ಮೈ ಹೊಳೆಯ ಮೇಲೆ ಹಾಸಿಕೊಂಡಿತು. ಕೈ ಬಡಿದ. ಮತ್ತೆ ಬಡಿದ.

ಬಂಡೆ ಸಿಕ್ಕಿತು.

ಹತ್ತಿ ಕೂತು ಬೊಗಸೆ ನೀರು ತುಂಬಿ, ಮಗಳ ಹೆಸರು ಹೇಳಿ ಲಿಂಗದ ಮೇಲೆ ಎರೆದ. ಹನ್ನೊಂದು ವರ್ಷ ಬಾರದಿದ್ದ ಅಳು ಆಗ ಬಂತು. ಹೊಳೆಗೆಲ್ಲ ಕೇಳುವ ಹಾಗೆ ಅತ್ತ. ಸ್ವಾಮಿ ಕೇಳಿಸಿಕೊಂಡ.

"ಏನೂ ತಾಗಲಿಲ್ರಿ ಅಜ್ಜಾರ," ಅಂದ ಕೊನೆಗೆ. "ಕಾಲು ಚಾಚಿ ನೋಡಿದೆ. ಇಷ್ಟು ದೂರ ಬಂದೆ. ಏನೇನೂ ತಾಗಲಿಲ್ಲ."

ಅಜ್ಜನವರು ರುಮಾಲಿನಿಂದ ಪತ್ರೆ ತೆಗೆದು ಲಿಂಗದ ಮೇಲಿಟ್ಟರು.

"ನಾ ಮುಂದ ಇದ್ದೆ, ದುಂಡಪ್ಪಾ. ನಿನ್ನ ಹೊಟ್ಟಿ ಕೆಳಗ ಕೈ ಹಿಡಿದಾವ್ರು ಯಾರು?"