ರೇವಣಜ್ಜನ ರೇಡಿಯೋ

ಹೊಳೆ ದಂಡೆಯ ಸಣ್ಣ ಮಠದಲ್ಲಿ ರೇವಣಜ್ಜ ಇದ್ದರು. ಸುತ್ತಲಿನ ಊರವರು ಅವರನ್ನು ಅಜ್ಜಾರು ಅಂತಲೇ ಕರೆಯುತ್ತಿದ್ದರು. ಶಿಷ್ಯರು ನಾಲ್ಕೈದು ಮಂದಿ. ಎಲ್ಲರ ಹೆಸರೂ ಈ ಕಥೆಗೆ ಬೇಡ, ಮಡಿವಾಳನೊಬ್ಬ ಸಾಕು.

ಮಡಿವಾಳನೇನು ಸಣ್ಣವನಲ್ಲ. ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಬಂದಿದ್ದವು. ಬುದ್ಧಿ ಮಾತ್ರ ಒಮ್ಮೊಮ್ಮೆ ಮಕ್ಕಳದು.

ಅಜ್ಜಾರ ಕಣ್ಣು ಮಂಜಾಗಿ ಕೆಲವು ವರ್ಷಗಳಾಗಿದ್ದವು. ಬೆಳಕು ಯಾವುದು, ನೆರಳು ಯಾವುದು ಎಂದಷ್ಟೇ ತಿಳಿಯುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಅಂದಿನಿಂದ ಮಡಿವಾಳನೇ ಓದಿ ಹೇಳುವವನು. ಬೆಳಿಗ್ಗೆ ಪೇಪರು, ಸಂಜೆ ವಚನ.

ಓದುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಉಳ್ಳಾಗಡ್ಡಿ ರೇಟಿನ ಸುದ್ದಿಯನ್ನೂ ಪುರಾಣ ಹೇಳಿದ ಹಾಗೆ ಎಳೆದು ಎಳೆದು ಓದುತ್ತಿದ್ದ. ಅಜ್ಜಾರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

ಒಂದು ಬೆಳಿಗ್ಗೆ ಅಜ್ಜಾರು ಅಂದರು, “ಮಡಿವಾಳ, ನನಗೊಂದು ರೇಡಿಯೋ ಬೇಕಲ್ಲೋ.”

ಪೇಪರು ಮಡಚುತ್ತಿದ್ದ ಮಡಿವಾಳನ ಕೈ ನಿಂತಿತು.

“ರೇಡಿಯೋ ಯಾಕ್ರಿ ಅಜ್ಜಾರ? ನಾ ಓದಾಕತ್ತೀನಲ್ರಿ.”

“ಓದಾಕತ್ತೀ. ಚಲೋನ ಓದ್ತೀ. ರೇಡಿಯೋನೂ ಬೇಕು.”

“ಎಂಥಾದ್ದು ತರ್ಲಿ?”

“ಒಂದು ಕೈಯಾಗ ಹಿಡ್ಯಾಕ ಬರಬೇಕು. ಕರೆಂಟ್ ಹೋದ್ರೂ ಹಾಡಬೇಕು. ಅಷ್ಟ ಸಾಕು.”

ಮಡಿವಾಳ ಪೇಟೆಗೆ ಹೋದ. ದಾರಿಯುದ್ದಕ್ಕೂ ಅವನ ಮನಸ್ಸು ನೆಟ್ಟಗಿರಲಿಲ್ಲ. ನನ್ನ ಓದಿನಲ್ಲಿ ಏನು ಕಡಿಮೆಯಾಯಿತು ಅಂತ ತನ್ನನ್ನೇ ಕೇಳಿಕೊಂಡ.

ರೇಡಿಯೋ ಅಂಗಡಿಯ ದಸ್ತಗೀರಸಾಬ ಅಜ್ಜಾರ ಹೆಸರು ಕೇಳಿದ್ದೇ ಎರಡು ರೇಡಿಯೋ ತಂದು ಮುಂದಿಟ್ಟ. ಒಂದು ಅಂಗೈ ಅಗಲದ್ದು. ಬದಿಯಲ್ಲಿ ಎರಡೇ ಚಕ್ರ, ಹಿಂದೆ ಎರಡು ಬ್ಯಾಟರಿ ಶೆಲ್, ಮೇಲೆ ಎಳೆದರೆ ಬರುವ ಏರಿಯಲ್. ಇನ್ನೊಂದು ದೊಡ್ಡದು. ಅದರ ಮೈತುಂಬ ಗುಂಡಿ. ಟಾರ್ಚು, ಅಲಾರ್ಮು, ಪೆನ್‌ಡ್ರೈವು, ಇಲ್ಲದ್ದಿಲ್ಲ.

“ಅಜ್ಜಾರಿಗೆ ಈ ಸಣ್ಣದ ಒಯ್ರಿ,” ಅಂದ ದಸ್ತಗೀರಸಾಬ. “ಒಂದು ಚಕ್ರ ತಿರುವಿದ್ರ ಚಾಲೂ, ಇನ್ನೊಂದು ತಿರುವಿದ್ರ ಸ್ಟೇಷನ್ನು. ಅವರ ತಾವ ಹಚ್ಕೋತಾರ. ಯಾರನ್ನೂ ಕರಿಯೂದ ಬ್ಯಾಡ.”

ಯಾರನ್ನೂ ಕರಿಯೂದ ಬ್ಯಾಡ! ಆ ಮಾತು ಮಡಿವಾಳನ ಎದೆಗೆ ಚುಚ್ಚಿತು.

ಅವನು ದೊಡ್ಡದರ ಗುಂಡಿಗಳನ್ನು ನೋಡಿದ. ಇಷ್ಟು ಗುಂಡಿ ಇದ್ದರೆ ಅಜ್ಜಾರು ಮಾತುಮಾತಿಗೆ ತನ್ನನ್ನು ಕರೆಯಲೇಬೇಕು. ಹಾಡು ಬೇಕಾದರೂ ಮಡಿವಾಳ, ಸುದ್ದಿ ಬೇಕಾದರೂ ಮಡಿವಾಳ.

“ದೊಡ್ಡದ ಕೊಡ್ರಿ,” ಅಂದ.

“ಅದು ಅಜ್ಜಾರಿಗೆ ತ್ರಾಸ ಆಗೂದಿಲ್ಲೇನು?”

“ಅಜ್ಜಾರು ದೊಡ್ಡವರು. ಅವರಿಗೆ ದೊಡ್ಡದ ಇರ್ಲಿ.”

ಪಾಪ, ದಸ್ತಗೀರಸಾಬ ಇದನ್ನು ಭಕ್ತಿ ಅಂತಲೇ ತಿಳಿದ.

ಮಠಕ್ಕೆ ಬಂದ ಮಡಿವಾಳ ರೇಡಿಯೋ ತೆಗೆದು ಅಜ್ಜಾರ ಕೈಗೆ ಕೊಟ್ಟ. ಅಜ್ಜಾರು ಅದರ ಮೈಮೇಲೆಲ್ಲ ಬೆರಳಾಡಿಸಿದರು.

“ಬಾಳ ಗುಂಡಿ ಅದಾವಲ್ಲೋ.”

“ನಾ ಇದ್ದೀನಲ್ರಿ ಅಜ್ಜಾರ. ಕರದ್ರ ಓಡಿ ಬರ್ತೀನಿ.”

“ಹೂಂ,” ಅಂದರು ಅಜ್ಜಾರು.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಅಜ್ಜಾರಿಗೆ ಅಂತ ಯಾರು ಏನು ತಂದರೂ ತಂದವರೇ ಮೊದಲು ಬಳಸಬೇಕು. ಕಂಬಳಿ ತಂದವರು ಒಂದು ರಾತ್ರಿ ಹೊದ್ದು ಮಲಗಬೇಕು. ಕಷಾಯ ತಂದವರು ಒಂದು ಲೋಟ ಕುಡಿಯಬೇಕು. ಭಕ್ತರೊಬ್ಬರು ಒಮ್ಮೆ ಫಳಫಳ ಹೊಳೆಯುವ ಹಾವುಗೆ ತಂದಿದ್ದರು. ಮೆಟ್ಟಿಕೊಂಡು ಅಂಗಳ ಸುತ್ತಿ ಬರುವುದರೊಳಗೆ ಅವರು ಕುಂಟುತ್ತಿದ್ದರು. ಮಾತಿಲ್ಲದೆ ಹಾವುಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ಈಚೆಗೆ ಮಠಕ್ಕೆ ಕಷಾಯ ತರುವವರೂ ಕಡಿಮೆಯಾಗಿದ್ದರು.

“ನಡಿ, ಮೊದಲ ನೀ ಬಳಸು,” ಅಂದರು ಅಜ್ಜಾರು.

ಮಡಿವಾಳ ಟಕಟಕ ಗುಂಡಿ ಒತ್ತಿದ. ಧಾರವಾಡ ಸ್ಟೇಷನ್ನಿನ ಹಾಡು ಬಂತು.

“ನೋಡ್ರಿ ಅಜ್ಜಾರ, ಎಷ್ಟ ಛಂದ ಬರ್ತೈತಿ!”

“ಹಂಗಲ್ಲ. ಬಂದ್ ಮಾಡು. ನನ್ನಂಗ ಬಳಸು.”

ಅಜ್ಜಾರು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕಣ್ಣಿಗೆ ಕಟ್ಟಿದರು. ಗಂಟು ಬಿಗಿಯಾಗಿಲ್ಲ ತಾನೆ ಅಂತ ಬೆರಳಿಟ್ಟು ನೋಡಿದರು.

“ಈಗ ಹಚ್ಚು ಧಾರವಾಡ.”

ಮಡಿವಾಳ ತಡವರಿಸಿದ. ಎಲ್ಲ ಗುಂಡಿಗಳೂ ಬೆರಳಿಗೆ ಒಂದೇ ನಮೂನೆ. ಒಂದನ್ನು ಒತ್ತಿದ. ಟಾರ್ಚು ಹತ್ತಿತು.

“ಬೆಳಕು ಬಂತು,” ಅಂದರು ಅಜ್ಜಾರು. “ಧಾರವಾಡ ಬರಲಿಲ್ಲ.”

ಇನ್ನೊಂದು ಒತ್ತಿದ. ಅಲಾರ್ಮಿನ ಕೋಳಿ ಕೂಗಿತು. ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗದೊಂದು ಒತ್ತಿದ. ಬರೀ ಗೊರ್ ಅನ್ನುವ ಸದ್ದು. ಮಡಿವಾಳನ ಬೆನ್ನು ಬೆವರಿತು.

“ಅಜ್ಜಾರ, ಏನೂ ಕಾಣವಲ್ದ್ರಿ.”

“ನನಗೂ ಅಷ್ಟ.”

ಮಡಿವಾಳ ಕೈಚೆಲ್ಲಿ ಕುಳಿತ. ಅಜ್ಜಾರು ಕೇಳಿದರು.

“ಅಂಗಡ್ಯಾಗ ಇದಕ್ಕಿಂತ ಸರಳದ್ದು ಇರಲಿಲ್ಲೇನು?”

“ಇತ್ರಿ.”

“ಮತ್ತ?”

ಕಣ್ಣು ಬಿಟ್ಟಿದ್ದರೆ ಮಡಿವಾಳ ಸುಳ್ಳು ಹೇಳುತ್ತಿದ್ದನೋ ಏನೋ. ಅಜ್ಜಾರ ಮುಖ ಕಾಣದ್ದಕ್ಕೆ ಧೈರ್ಯ ಬಂತು.

“ಸರಳದ್ದು ತಂದ್ರ ನೀವು ನನ್ನ ಕರಿಯೂದಿಲ್ಲ ಅಂತ ಅಂಜಿಕಿ ಆತ್ರಿ.”

ಅಜ್ಜಾರು ನಗಲಿಲ್ಲ, ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದರು.

“ನನ್ನ ಕಣ್ಣು ಹೋದಾಗ ನಿನಗ ಸಂತೋಷ ಆತೇನೋ?”

“ಶಿವಶಿವಾ! ಎಂಥಾ ಮಾತು ಆಡ್ತೀರಿ ಅಜ್ಜಾರ!”

ಆಮೇಲೆ ಮಾತು ತಡೆಯಲಿಲ್ಲ.

“ಆದ್ರ ಅಜ್ಜಾರ, ಅದಕ್ಕ ಮೊದಲ ನಾ ಬರೇ ಅಂಗಳ ಕಸಾ ಹೊಡಿಯಾಂವ. ನಾಲ್ಕು ಮಂದ್ಯಾಗ ಒಬ್ಬಾಂವ. ನಿಮ್ಮ ಕಣ್ಣು ಮಂಜಾದ ಮ್ಯಾಲೆ ದಿನಾ ಮುಂಜಾನೆ ಮಡಿವಾಳ ಅಂತ ನನ್ನ ಹೆಸರು ಹಿಡದು ಕರಿಯಾಕ ಹತ್ತಿದ್ರಿ. ನಮ್ಮವ್ವ ಸತ್ತ ಮ್ಯಾಲೆ ಯಾರೂ ನನ್ನ ಹಂಗ ಕರದಿರಲಿಲ್ರಿ.”

ಕಟ್ಟಿದ ವಸ್ತ್ರ ಒದ್ದೆಯಾಯಿತು. ಅಜ್ಜಾರು ಗಂಟು ಬಿಚ್ಚಿ, ಅದರಿಂದಲೇ ಅವನ ಮುಖ ಒರೆಸಿದರು. ಕಣ್ಣು ಕಾಣದವರ ಕೈ ಮೂಗು, ಮೀಸೆ ಎಲ್ಲವನ್ನೂ ಒಂದೇ ಸಮ ಒರೆಸಿತು.

“ನಾಳೆ ಹೋಗಿ ಬದಲಿ ಮಾಡ್ಕೊಂಡು ಬಾ.”

“ತರ್ತೀನ್ರಿ. ಆಮ್ಯಾಲೆ ನಾ ಏನ್ ಮಾಡ್ಲಿ ಅಜ್ಜಾರ?”

“ಶೆಲ್ ತರೂದು ಮರೀಬ್ಯಾಡ,” ಅಂದರು ಅಜ್ಜಾರು.

ಮರುದಿನ ಮಡಿವಾಳ ಮತ್ತೆ ಪೇಟೆಗೆ ಹೋದ. ದಸ್ತಗೀರಸಾಬ ಏನೂ ಕೇಳದೆ ಬದಲಿಸಿಕೊಟ್ಟ. ಈ ಸಲ ಮಡಿವಾಳ ಅಂಗಡಿಯಲ್ಲೇ ಕಣ್ಣು ಮುಚ್ಚಿ ನಿಂತು ಎರಡೂ ಚಕ್ರ ತಿರುವಿ ನೋಡಿದ. ಧಾರವಾಡ ಸಿಕ್ಕಿತು. ಗಿರಾಕಿಗಳು ನಕ್ಕರು, ನಗಲಿ ಬಿಡಿ.

ಮಠದಲ್ಲಿ ರೇಡಿಯೋ ಇಡಲು ಜಾಗ ಹುಡುಕಿದ. ಕಬ್ಬಿಣದ ಪೆಟ್ಟಿಗೆಯ ಮೇಲಿಟ್ಟರೆ ಗೊರಗೊರ ಅಂತಿತ್ತು. ಕಿಟಕಿಯ ಕಟ್ಟೆಯ ಮೇಲಿಟ್ಟು ಏರಿಯಲ್ ಎಳೆದ. ದನಿ ತಿಳಿಯಾಯಿತು. ಅಜ್ಜಾರು ಕುಳಿತಲ್ಲಿಂದಲೇ ಅದಕ್ಕೆ ಕೈ ನಿಲುಕುತ್ತಿತ್ತು.

ಅಜ್ಜಾರ ಬೆರಳು ಹಿಡಿದು ಚಕ್ರಗಳ ಮೇಲಿಟ್ಟ.

“ಇದು ಚಾಲೂ ಮಾಡೂದು. ಇದನ್ನ ಇನ್ನಷ್ಟು ತಿರುವಿದ್ರ ದನಿ ಏರತೈತಿ. ಆ ಕಡೇದು ಸ್ಟೇಷನ್ನು. ಕೇಳೂದು ಮುಗದ ಮ್ಯಾಲೆ ಟಕ್ ಅನ್ನೂತನಕ ಹಿಂದ ತಿರುವ್ರಿ, ಇಲ್ಲಂದ್ರ ಶೆಲ್ ಇಳಿತಾವು.”

“ಇಷ್ಟನ?”

“ಇಷ್ಟರಿ.”

ಅಜ್ಜಾರು ತಾವೇ ತಿರುವಿದರು. ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದ ಬಂತು. ಅವರ ಮುಖ ಅರಳಿತು, ಅಂಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಅದನ್ನು ನೋಡಿ ಮಡಿವಾಳನಿಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ನಿಜ.

ಮಾರನೆಯ ಬೆಳಿಗ್ಗೆ ಅವನು ಪೇಪರು ಹಿಡಿದು ಬಾಗಿಲ ತನಕ ಬಂದ. ಒಳಗೆ ರೇಡಿಯೋ ಸುದ್ದಿ ಓದುತ್ತಿತ್ತು. ಎಲ್ಲೂ ಎಳೆಯದೆ, ತಡವರಿಸದೆ ಓದುತ್ತಿತ್ತು. ಮಡಿವಾಳ ಪೇಪರನ್ನು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಬಂದ.

ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದ. ಬಿಲ್ವದ ಗಿಡಕ್ಕೆ ಒಮ್ಮೆ ಹಾಕಿದ ನೀರನ್ನೇ ಇನ್ನೊಮ್ಮೆ ಹಾಕಿದ. ಅಜ್ಜಾರು ಕರೆಯಲಿಲ್ಲ.

ಇನ್ನು ನನಗೆ ಇಲ್ಲಿ ಏನು ಕೆಲಸ ಅಂದುಕೊಂಡ. ಸಂಜೆಯ ಬಸ್ಸಿಗೆ ಅಕ್ಕನ ಊರಿಗೆ ಹೋಗಿಬಿಡುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡ. ಇರುವುದೇ ಎರಡು ಧೋತರ, ಒಂದು ಅಂಗಿ. ಗಂಟು ಕಟ್ಟಲು ಹೊತ್ತೇನೂ ಹಿಡಿಯುವುದಿಲ್ಲ. ಹಾಗಂದುಕೊಂಡದ್ದೇ ಅಳು ಬಂತು.

“ಮಡಿವಾಳಾ!”

ಕಸಬರಿಗೆ ಎತ್ತ ಬಿತ್ತೋ ಅವನಿಗೇ ಗೊತ್ತಿಲ್ಲ. ಓಡಿದ.

“ಬಂದ್ನಿ ಅಜ್ಜಾರ! ಏನಾತ್ರಿ? ಸ್ಟೇಷನ್ ತಪ್ತೇನು?”

“ಇಲ್ಲ. ಚಲೋ ಬರಾಕತ್ತೈತಿ.”

“ದನಿ ಏರಿಸ್ಲೇನು?”

“ಬ್ಯಾಡ.”

“ಶೆಲ್ ಇಳದಾವೇನ್ರಿ?”

“ಹೊಸಾವ ಅದಾವಲ್ಲೋ.”

“ಕುಡ್ಯಾಕ ನೀರು ತರ್ಲಿ?”

“ನೀರಡಿಕಿ ಆಗಿಲ್ಲ.”

ಮಡಿವಾಳನಿಗೆ ಏನೂ ತಿಳಿಯಲಿಲ್ಲ. ಬಾಗಿಲಲ್ಲೇ ನಿಂತ.

“ಮತ್ತ ಯಾವ ಕೆಲಸಕ್ಕ ಕರದ್ರಿ ಅಜ್ಜಾರ?”

ಅಜ್ಜಾರು ಚಾಪೆಯ ಮೇಲೆ ಒಂದು ಬದಿಗೆ ಸರಿದು ಜಾಗ ಮಾಡಿದರು.

“ಕೆಲಸ ಇದ್ದಾಗ ಯಾರನ್ನ ಬೇಕಾದ್ರೂ ಕರೀತಾರ. ನನಗೀಗ ಏನೂ ಕೆಲಸಿಲ್ಲ, ಅದಕ್ಕ ನಿನ್ನ ಕರದೀನಿ. ಬಾ, ಕುಂದ್ರು.”