ಕೈಯಲ್ಲೇ ಉಳಿದ ಸಮಾಧಾನ

ಜರ್ಮನಿಯ ಒಂದು ಪಟ್ಟಣದಲ್ಲಿ ಒಂದು ಕನ್ನಡ ಕ್ರೈಸ್ತ ಸಭೆ ಇತ್ತು. ಸದಸ್ಯರಲ್ಲಿ ಹೆಚ್ಚಿನವರು ಆಸ್ಪತ್ರೆಯ ನರ್ಸುಗಳು, ಅವರ ಗಂಡಂದಿರು. ಅರ್ಧ ಜನ ಉಡುಪಿ ಕಡೆಯವರು, ಅರ್ಧ ಜನ ಧಾರವಾಡ ಕಡೆಯವರು. ದೇವರು ಒಬ್ಬನೇ, ಬೈಬಲ್ ಒಂದೇ, ಭಾಷೆಯೂ ಒಂದೇ. ಜಗಳಕ್ಕೆ ಕಾರಣ ಸಿಗುವುದು ಕಷ್ಟವಿತ್ತು. ಆದರೂ ಹುಡುಕಿದರು.

ಕಾರಣ ಕೀರ್ತನೆಯ ರಾಗ. ಉಡುಪಿಯವರು ಹಳೆಯ ಜರ್ಮನ್ ಮಿಷನರಿಗಳು ಕಲಿಸಿದ ರಾಗದಲ್ಲಿ ನಿಧಾನವಾಗಿ ಹಾಡುತ್ತಿದ್ದರು. ಧಾರವಾಡದವರು ತಬಲಾ ತಾಳ ಹಿಡಿದು ಭಜನೆಯಂತೆ ಹಾಡುತ್ತಿದ್ದರು. "ನಮ್ಮದೇ ಶುದ್ಧ ಕನ್ನಡ ಪದ್ಧತಿ" ಎಂದು ಉಡುಪಿಯವರ ಮುಖಂಡ ಎಬೆನೇಜರ್ ಜತ್ತನ್ನ ವಾದಿಸಿದ. ಆ ರಾಗವನ್ನು ಜರ್ಮನರೇ ಮರೆತಿದ್ದರು. ಧಾರವಾಡದವರ ಮುಖಂಡ ದಾವೀದಪ್ಪ ಅಣ್ಣಿಗೇರಿ ಹೇಳಿದ, "ಅದು ಹಾಡಲ್ಲೋ ಮಾರಾಯಾ, ಸತ್ತ ಮನ್ಯಾಗಿನ ಗೋಳು."

ಅಂದಿನಿಂದ ಮಾತು ನಿಂತಿತು. ಉಡುಪಿಯವರು ಎಡಗಡೆ ಬೆಂಚುಗಳಲ್ಲಿ ಕೂತರು, ಧಾರವಾಡದವರು ಬಲಗಡೆ. ನಡುವೆ ಓಡಾಡುವ ದಾರಿ. ಪಟ್ಟಣದಲ್ಲಿ ವಿಶ್ವಶಾಂತಿ ಮೆರವಣಿಗೆ ನಡೆದಾಗ ಎರಡೂ ಗುಂಪಿನವರು ಹೋದರು. ಒಂದು ಗುಂಪು ಮೆರವಣಿಗೆಯ ತಲೆಯಲ್ಲಿ, ಇನ್ನೊಂದು ಬಾಲದಲ್ಲಿ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಆರಾಧನೆಯ ನಡುವೆ ಸಭಾಪಾಲಕರು ಮುಂದಿನ ಬೆಂಚಿನವರ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು "ಸಮಾಧಾನವಿರಲಿ" ಎನ್ನಬೇಕು. ಅವರು ಆ ಸಮಾಧಾನವನ್ನು ಹಾಗೆಯೇ ಪಕ್ಕದವರ ಕೈ ಹಿಡಿದು ಅವರಿಗೆ ಕೊಡಬೇಕು. ಹೀಗೆ ಕೈಯಿಂದ ಕೈಗೆ ಅದು ಕೊನೆಯ ಬೆಂಚಿನವರೆಗೆ ಹೋಗಬೇಕು. ಜಗಳವಾದ ಮೇಲೆ ಸಭೆಯವರು ಇದಕ್ಕೂ ಉಪಾಯ ಮಾಡಿದರು. ಸಭಾಪಾಲಕರು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಸಮಾಧಾನ ಕೊಡುವುದು. ಯಾರೂ ದಾರಿ ದಾಟುವ ಅಗತ್ಯವಿಲ್ಲ. ಈ ಏರ್ಪಾಡಿನಿಂದ ಸಭೆಯಲ್ಲಿ ಶಾಂತಿ ನೆಲೆಸಿದೆ ಎಂದು ಎಲ್ಲರೂ ನಂಬಿದ್ದರು.

ಸಭಾಪಾಲಕ ಜ್ಞಾನಮಿತ್ರ ಅಯ್ಯನವರು ಕೊಳ್ಳೇಗಾಲದವರು. ಅಂದರೆ ಎರಡೂ ಕಡೆಯವರಿಗೆ ಸಮಾನವಾಗಿ ಪರಕೀಯರು. ಬೇರೊಂದು ನಗರದಿಂದ ಅಪರೂಪಕ್ಕೆ ಬರುತ್ತಿದ್ದರು. ಅಂಥ ಒಂದು ಭಾನುವಾರ ಸುವಾರ್ತಾ ಎಂಬ ನರ್ಸ್ ತನ್ನ ಮಗುವಿಗೆ ದೀಕ್ಷಾಸ್ನಾನ ಮಾಡಿಸಲು, ಅಂದರೆ ತಲೆಗೆ ನೀರು ಹಾಕಿಸಿ ಸಭೆಗೆ ಸೇರಿಸಲು, ಬಂದಳು. ಅವಳು ಮಲ್ಪೆಯವಳು, ಗಂಡ ನವಲಗುಂದದವನು. ಮೊಮ್ಮಗಳ ದೀಕ್ಷಾಸ್ನಾನ ನೋಡಲೆಂದೇ ಊರಿನಿಂದ ಅವಳ ತಾಯಿ ಬಂದಿದ್ದರು. ಆ ವಾರವೇ ಅವರ ವೀಸಾ ಮುಗಿಯುತ್ತಿತ್ತು. ಇವತ್ತು ಆಗದಿದ್ದರೆ ಅಜ್ಜಿಗೆ ಅದನ್ನು ನೋಡುವ ಭಾಗ್ಯವಿಲ್ಲ.

ಜತ್ತನ್ನ ಅವಳನ್ನು ಬಾಗಿಲಲ್ಲೇ ತಡೆದು, "ನಮ್ಮ ಹುಡುಗಿ ನೀನು, ಮಗುವನ್ನು ನಮ್ಮ ಬದಿಯಲ್ಲಿ ಕೂರಿಸು" ಎಂದ. ದಾವೀದಪ್ಪ ಅವಳ ಗಂಡನಿಗೆ, "ಕೂಸು ಅಪ್ಪನ ಕಡೀದು. ಈ ಕಡೆ ತಗೊಂಬಾ" ಎಂದ.

ಸುವಾರ್ತಾ ಸೀದಾ ಅಯ್ಯನವರ ಬಳಿ ಹೋದಳು. "ಇವತ್ತು ನನ್ನ ಮಗಳನ್ನು ಯಾವ ಅರ್ಧಕ್ಕೆ ಸೇರಿಸ್ತೀರಿ?"

ಅಯ್ಯನವರು ಸಭೆಯ ಕಡೆ ತಿರುಗಿ ಹೇಳಿದರು, "ಅರ್ಧ ಸಭೆಗೆ ಸೇರ್ಸೋ ದೀಕ್ಷಾಸ್ನಾನ ಕೊಡೋದು ನಂಗೆ ಯಾರೂ ಕಲಿಸ್ಲಿಲ್ಲ. ಇವತ್ತು ಒಂದೇ ಸಮಾಧಾನ. ಎಡಗಡೆಯಿಂದ ಹೊರಟು ಬಲಗಡೆ ಕೊನೆ ಬೆಂಚು ಮುಟ್ಟಬೇಕು. ಅದು ಮುಟ್ಟಿದ ಮೇಲೆ ಮಗೂಗೆ ನೀರು."

ಸಮಾಧಾನ ಹೊರಟಿತು. ಎಡಗಡೆಯ ಬೆಂಚುಗಳಲ್ಲಿ ಸಲೀಸಾಗಿ ಹರಿಯಿತು. ಕೊನೆಗೆ ದಾರಿಯ ಅಂಚಿನಲ್ಲಿ ಕೂತಿದ್ದ ಜತ್ತನ್ನನ ಕೈಗೆ ಬಂತು. ಎದುರು ಅಂಚಿನಲ್ಲಿ ದಾವೀದಪ್ಪ. ಜತ್ತನ್ನ ಎರಡೂ ಅಂಗೈ ಜೋಡಿಸಿಕೊಂಡು, ಬಿಸಿ ಹಂಡೆ ಹಿಡಿದವನಂತೆ, ಇಡುವ ಜಾಗ ಕಾಣದೆ ನಿಂತ. ಅಯ್ಯನವರು ಕುರ್ಚಿಯಲ್ಲಿ ಕೂತುಬಿಟ್ಟರು. ಮಗು ಅಳತೊಡಗಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವರು ಕೈ ಚಾಚಲಿ," ಎಂದ ಜತ್ತನ್ನ.

"ನಾ ಯಾಕ ಚಾಚ್ಲಿ? ಬರೂದಿದ್ರ ಬರಲಿ. ಬ್ಯಾಡ ಅಂದೇನೇನು?" ಎಂದ ದಾವೀದಪ್ಪ.

ಸುವಾರ್ತಾ ಕೇಳಿದಳು, "ಜತ್ತನ್ನ ಮಾಮ, ಅದನ್ನು ಹಾಗೇ ಮನೆಗೆ ತಗೊಂಡು ಹೋಗ್ತೀರಾ?"

ಯಾರೋ ನಕ್ಕರು. ಜತ್ತನ್ನನಿಗೆ ಸಿಟ್ಟು ಬಂತು. "ಅಯ್ಯನವರೇ, ನಾನು ಸುಳ್ಳು ಹೇಳುವ ಜನ ಅಲ್ಲ. ನನಗೆ ಇವರ ಮೇಲೆ ಮನಸ್ಸಿಲ್ಲ. ಮನಸ್ಸಿಲ್ಲದೆ ಕೈ ಕೊಟ್ಟರೆ ಅದು ಕಪಟ ಅಲ್ವಾ?"

"ಮನ್ಸು ಯಾರಪ್ಪಾ ಕೇಳಿದ್ರು?" ಎಂದರು ಅಯ್ಯನವರು. "ಕೈ ಕೇಳ್ತಿರೋದು. ನಿನ್ ಕೈಲಿರೋದು ನೀನು ಮಾಡಿದ್ದಲ್ಲ. ಪಕ್ಕದವ್ರು ಕೊಟ್ಟಿದ್ದು. ಮುಂದಕ್ಕೆ ಕೊಡು, ಅಷ್ಟೇ ಕೆಲಸ."

ಜತ್ತನ್ನ ಅಜ್ಜಿಯ ಕಡೆ ಒಮ್ಮೆ ನೋಡಿದ. ಮುಖ ಗಂಟಿಕ್ಕಿಕೊಂಡೇ ದಾರಿ ದಾಟಿದ. ದಾವೀದಪ್ಪನೂ ಅಷ್ಟೇ ಬೇಸರದಿಂದ ಎದ್ದು ಕೈ ಹಿಡಿದ.

"ಸಮಾಧಾನವಿರಲಿ," ಎಂದ ಜತ್ತನ್ನ, ಬೈಗುಳದ ಧಾಟಿಯಲ್ಲಿ.

"ಇರಲಿ. ಕೈ ಭಾಳ ಥಣ್ಣಗದಾವಲ್ರೀ?"

"ಹೀಟರ್ ಇರುವುದು ನಿಮ್ಮ ಬದಿಯಲ್ಲಿ ಅಲ್ವಾ ಮಾರಾಯ್ರೆ."

ದಾವೀದಪ್ಪ ನಗಬಾರದೆಂದಿದ್ದವನು ನಕ್ಕುಬಿಟ್ಟ. ಸಮಾಧಾನ ಬಲಗಡೆಯ ಕೊನೆಯ ಬೆಂಚು ತಲುಪಿತು. ಅಯ್ಯನವರು ಎದ್ದರು. ಅಜ್ಜಿಯ ತೋಳಿನಲ್ಲೇ ಮಗುವಿನ ತಲೆಗೆ ನೀರು ಬಿತ್ತು.

ಆಮೇಲೆ ಅವರಿಬ್ಬರೂ ಪ್ರಾಣ ಸ್ನೇಹಿತರಾದರು ಎಂದು ತಿಳಿಯಬೇಡಿ. ಮರುವಾರವೇ ರಾಗದ ಬಗ್ಗೆ ಮತ್ತೆ ಜಗಳವಾಡಿದರು. ಆದರೆ ಈ ಸಲ ಒಂದೇ ಬೆಂಚಿನಲ್ಲಿ ಕೂತು, ಒಬ್ಬರಿಗೊಬ್ಬರು ಮುಖಕೊಟ್ಟು.

ನೀತಿ: ದೂರದ ದೇಶಗಳ ಶಾಂತಿಗಾಗಿ ಪ್ರಾರ್ಥಿಸುವುದು ಸುಲಭ, ಏಕೆಂದರೆ ಆ ದೇಶಗಳು ಎದುರು ಬೆಂಚಿನಲ್ಲಿ ಕೂತಿರುವುದಿಲ್ಲ. ಮನಸ್ಸು ಕರಗುವವರೆಗೆ ಕಾಯುತ್ತಾ ಕೂರಬೇಡಿ. ಮೊದಲು ಕೈ ಚಾಚಿ. ಮನಸ್ಸು ಬೇಕಾದರೆ ನಿಧಾನವಾಗಿ ಬರಲಿ.