ಮುಸುವಜ್ಜನ ಬಾಲ

ಮಕ್ಕಳೇ, ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪುಟ್ಟತಾಯಮ್ಮನವರು. ಸಂಜೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಹೇಳುತ್ತಿದ್ದರು. ಅವಸರ ಮಾಡಿದರೆ ಸುಮ್ಮನಾಗಿಬಿಡುತ್ತಿದ್ದರು. ಆದ್ದರಿಂದ ನೀವೂ ನಿಧಾನವಾಗಿ ಕೇಳಿ.

ಒಂದು ಕಾಡು. ಕಾಡಿನ ನಡುವೆ, ಎಂದೋ ಬೇಟೆಗಾರರು ತೋಡಿ ಮರೆತ ಒಂದು ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ಹುಲ್ಲು ಬೆಳೆದು ಗುಂಡಿ ಇರುವುದೇ ಕಾಣುತ್ತಿರಲಿಲ್ಲ. ಅದರ ಮೇಲೆ ಬಾಗಿದ ಹೊಂಗೆಯ ಕೊಂಬೆಯಲ್ಲಿ ಕರಿಮೂತಿಯ ಮುದಿ ಕೋತಿ ಮುಸುವಜ್ಜ ವಾಸವಾಗಿದ್ದ. ಕೊಂಬೆಗೆ ಜೋತುಬಿದ್ದು ಬಾಲ ಇಳಿಬಿಟ್ಟರೆ ಅದು ಗುಂಡಿಯ ತಳ ಮುಟ್ಟುತ್ತಿತ್ತು. ಅಷ್ಟುದ್ದದ ಬಾಲ.

ಮುಸುವಜ್ಜ ಮಹಾ ದೈವಭಕ್ತ. ಸೂರ್ಯನಿಗೆ ಕೈಮುಗಿಯದೆ ಒಂದು ಚಿಗುರನ್ನೂ ಬಾಯಿಗಿಡುತ್ತಿರಲಿಲ್ಲ. "ದೇವರ ರಾಜ್ಯದಲ್ಲಿ ಅನ್ಯಾಯವಿಲ್ಲ. ಬಿದ್ದವನು ಏನೋ ಮಾಡಿಯೇ ಬಿದ್ದಿರುತ್ತಾನೆ" ಎಂದು ಬಲವಾಗಿ ನಂಬಿದ್ದ. ಈ ನಂಬಿಕೆಯಿಂದ ಅವನಿಗೆ ಒಳ್ಳೆಯ ನಿದ್ದೆಯೂ ಬರುತ್ತಿತ್ತು.

ಒಂದು ಸಂಜೆ ಮೊಲಕ್ಕ ಗುಂಡಿಗೆ ಬಿದ್ದಳು.

"ಅಜ್ಜಾ, ಬಾಲ ಇಳಿಬಿಡು! ಕಚ್ಚಿ ಹಿಡಿದು ಮೇಲೆ ಬರ್ತೀನಿ. ಮರಿಗಳು ಪೊದೆಯಲ್ಲಿ ಒಂಟಿಯಾಗಿವೆ. ಹೊತ್ತು ಮುಳುಗಿದರೆ ನರಿ ಬರ್ತದೆ!"

"ಬರಲಿ ಬರಲಿ, ಅವಸರವೇನು? ಮೊದಲು ಹೇಳು, ಏನು ತಪ್ಪು ಮಾಡಿದ್ದೆ?"

"ಏನೂ ಇಲ್ಲ ಅಜ್ಜಾ, ಕಾಲು ಜಾರಿತು."

"ಸುಮ್ಮಸುಮ್ಮನೆ ಯಾರ ಕಾಲೂ ಜಾರೋದಿಲ್ಲ. ನೆನಪು ಮಾಡಿಕೋ."

ಮೊಲಕ್ಕನಿಗೆ ಮರಿಗಳದೇ ಚಿಂತೆ. ಏನೋ ಒಂದು ಒಪ್ಪಿಕೊಂಡರೆ ಆಯಿತೆಂದು, "ಜಿಂಕೆ ಮೇಯೋ ಗರಿಕೆ ಕದ್ದು ತಿಂದಿದ್ದೆ" ಎಂದಳು.

"ನೋಡಿದೆಯಾ! ತಪ್ಪಿಗೆ ತಕ್ಕ ಶಿಕ್ಷೆ. ದೇವರು ಕೊಟ್ಟ ಶಿಕ್ಷೆಯ ನಡುವೆ ಬಾಲ ಹಾಕೋಕೆ ನಾನ್ಯಾರು?"

"ಅಯ್ಯೋ, ತಿಂದಿಲ್ಲ ಅಜ್ಜಾ! ಸುಳ್ಳು ಹೇಳಿದೆ!"

"ತಿಂದಿಲ್ಲವೋ? ಹಾಗಾದರೆ ಭಯವೇ ಬೇಡ ತಾಯಿ, ದೇವರೇ ಎತ್ತುತ್ತಾನೆ" ಎಂದು ಮುಸುವಜ್ಜ ಬಾಲ ಸುತ್ತಿಕೊಂಡು ಕೂತ.

ಮೊಲಕ್ಕನ ಅಳು ಹೆಗ್ಗಣ್ಣನ ಕಿವಿಗೆ ಬಿತ್ತು. ಈ ಹೆಗ್ಗಣ ಕಾಡಿಗೆಲ್ಲ ಹೆಸರಾದ ಗೆಣಸುಗಳ್ಳ. ಅವನು ಏನೂ ಕೇಳಲಿಲ್ಲ. "ಹೊತ್ತಲ್ಲದ ಹೊತ್ತಲ್ಲಿ ಬೀಳ್ತಾರೆ ಇವರು" ಎಂದು ಗೊಣಗುತ್ತಾ ಪಕ್ಕದಿಂದ ಬಿಲ ಕೊರೆದ. ಮೊಲಕ್ಕ ನುಸುಳಿಕೊಂಡು ಮನೆಗೆ ಓಡಿದಳು. ನರಿ ಇನ್ನೂ ಬಂದಿರಲಿಲ್ಲ, ಪುಣ್ಯ.

"ನಾನು ಹೇಳಲಿಲ್ಲವೇ?" ಎಂದು ಮುಸುವಜ್ಜ ಮೇಲಿನಿಂದ ತಲೆದೂಗಿದ.

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಸೂರ್ಯನಿಗೆ ಕೈಮುಗಿಯುತ್ತಿದ್ದಂತೆಯೇ ಹೊಂಗೆಯ ಕೊಂಬೆ ಲಟಕ್ಕೆಂದು ಮುರಿಯಿತು. ಮುಸುವಜ್ಜ ಧೊಪ್ಪನೆ ಗುಂಡಿಗೆ ಬಿದ್ದ. ಕಾಲು ಉಳುಕಿತು. ನೆಗೆಯಲು ಆಗಲಿಲ್ಲ. ಮೊಲಕ್ಕ ಹೋದ ಬಿಲಕ್ಕೆ ನುಗ್ಗಿದರೆ ಭುಜ ಹಿಡಿಸಲಿಲ್ಲ.

ಮೊಲಕ್ಕ ಬಂದು ಇಣುಕಿದಳು. "ಅಜ್ಜಾ, ಏನು ತಪ್ಪು ಮಾಡಿದ್ದೆ?"

"ತಪ್ಪೇ? ನಾನೇ? ಒಣಕೊಂಬೆ, ಮುರೀತು ಅಷ್ಟೇ!"

"ಹಾಗಾದರೆ ಭಯವೇ ಬೇಡ" ಎಂದು ಮೊಲಕ್ಕ ಹೊರಟುಹೋದಳು.

ಬಿಸಿಲೇರಿತು. ಗಂಟಲು ಒಣಗಿತು. ಮುಸುವಜ್ಜ ಹುಟ್ಟಿದಂದಿನಿಂದ ಮಾಡಿದ್ದೆಲ್ಲವನ್ನೂ ನೆನೆದ. ಪೂಜೆ ತಪ್ಪಿಸಿರಲಿಲ್ಲ. ಯಾರ ಹಣ್ಣನ್ನೂ ಕಿತ್ತಿರಲಿಲ್ಲ. ನಡುವೆ ಒಮ್ಮೆ ಮೊಲಕ್ಕನ ಅಳುಮುಖ ಕಣ್ಣಿಗೆ ಕಟ್ಟಿತು. ಅದಕ್ಕೂ ತಪ್ಪಿಗೂ ಏನು ಸಂಬಂಧ ಎಂದು ಮುಂದಕ್ಕೆ ಹೋದ. ಕೊನೆಗೆ ಬಾಯಿಬಿಟ್ಟು ಕೂಗಿದ: "ದೇವರೇ, ಇದು ಅನ್ಯಾಯ!"

"ಕೂಗಬೇಡವೋ ಅಜ್ಜಾ, ಕಣ್ಣಿಗೆ ಮಣ್ಣು ಬೀಳ್ತದೆ" ಎಂದಿತು ಗೋಡೆಯೊಳಗಿಂದ ಒಂದು ಗೊಗ್ಗರು ದನಿ. ಮೊಲಕ್ಕ ಅಲ್ಲಿಂದ ನೇರವಾಗಿ ಹೆಗ್ಗಣ್ಣನ ಮನೆಗೇ ಓಡಿದ್ದಳು. ಹೆಗ್ಗಣ್ಣ ಆಗಿನಿಂದ ಆ ಬಿಲವನ್ನು ಅಗಲ ಮಾಡುತ್ತಿದ್ದ.

ಸಂಜೆಗೆ ಮುಸುವಜ್ಜ ತೆವಳುತ್ತಾ ಹೊರಬಂದ. ಮೈಯ ಮಣ್ಣು ಕೊಡವಿಕೊಂಡು ಗಂಭೀರವಾಗಿ ಹೇಳಿದ: "ನೋಡಿದಿರಾ? ತಪ್ಪಿಲ್ಲದವನನ್ನು ದೇವರೇ ಎತ್ತುತ್ತಾನೆ."

"ಹೌದಜ್ಜಾ, ಎತ್ತಿದವನು ದೇವರೇ" ಎಂದ ಹೆಗ್ಗಣ್ಣ, ರಕ್ತ ಒಸರುವ ಬೆರಳುಗಳನ್ನು ನೆಕ್ಕಿಕೊಳ್ಳುತ್ತಾ. "ಉಗುರು ಮಾತ್ರ ನನ್ನವು."

ಮುಸುವಜ್ಜ ಆ ಬೆರಳುಗಳನ್ನು ನೋಡಿದ. ಆಮೇಲೆ ತನ್ನ ಬಾಲವನ್ನೂ ನೋಡಿಕೊಂಡ.

ಮಾರನೆಯ ವಾರ, ಬಿಲದ ಬಾಯಿ ಮಳೆಗೆ ಕುಸಿದು ಮುಚ್ಚಿದ ಮೇಲೆ, ಒಂದು ಮುಂಗುಸಿ ಮರಿ ಗುಂಡಿಗೆ ಬಿತ್ತು. ಮುಸುವಜ್ಜ ಗಟ್ಟಿ ಕೊಂಬೆಯೊಂದಕ್ಕೆ ಜೋತುಬಿದ್ದು ಬಾಲ ಇಳಿಬಿಟ್ಟ. ಮರಿ ಮೇಲೆ ಬಂದು ಏದುಸಿರು ಬಿಡುತ್ತಿರುವಾಗ ಮೆಲ್ಲಗೆ ಕೇಳಿದ:

"ಮಗೂ, ಏನು ತಪ್ಪು ಮಾಡಿದ್ದೆ?"

ಕೇಳುವ ಚಾಳಿ ಹೋಗಲಿಲ್ಲ ನೋಡಿ. ಆದರೆ ಬಾಲ ಮೊದಲು ಇಳಿಯಿತು.

ಮಕ್ಕಳೇ, ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಹೆಗ್ಗಣ್ಣನ ಉಗುರಿನ ಮಾತನ್ನು ಮಾತ್ರ ಬಿಡಬೇಡಿ.

ನೀತಿ: ಬಿದ್ದವರನ್ನು ಮೊದಲು ಮೇಲೆತ್ತಬೇಕು, ಅವರು ಏಕೆ ಬಿದ್ದರೆಂದು ಆಮೇಲೆ ಕೇಳಿದರಾಯಿತು.